ಸೋಮವ್ವನ ಹುಣಸೆಬೀಜ

ಬಹಳ ಹಿಂದಿನ ಮಾತು, ಕೇಳಿರಪ್ಪಾ. ನಮ್ಮೂರಿಗೆ ಗಾಡಿದಾರಿಯೂ ಇರದ ಕಾಲದಲ್ಲಿ ಇಲ್ಲಿ ಸೋಮವ್ವ ಎಂಬವಳು ಇದ್ದಳಂತೆ. ಮುರಿದ ಮೂಳೆ ಕಟ್ಟುವವಳು. ಬಿದಿರಿನ ದಬ್ಬೆ ಇಟ್ಟು, ಸೊಪ್ಪು ಅರೆದು ಹಚ್ಚಿ, ಬಟ್ಟೆ ಸುತ್ತಿದಳೆಂದರೆ ಮೂಳೆ ಕೂಡಿತೆಂದೇ ಲೆಕ್ಕವಂತೆ. ಒಡೆದ ಗಡಿಗೆಯನ್ನೂ ಕಟ್ಟಿ ನೀರು ತುಂಬಿಸಿದ್ದಳಂತೆ. ಅದನ್ನು ನಾನು ನಂಬುವುದಿಲ್ಲ, ಬೇಕಾದರೆ ನೀವು ನಂಬಿ.

ಅಂಥ ಸೋಮವ್ವನನ್ನೂ ಒಬ್ಬ ಸಾಕುಸಾಕು ಮಾಡಿಬಿಟ್ಟ. ಕುರಿ ಕಾಯುವ ಮಾಳಪ್ಪ. ಕುರಿಗಳ ಹಿಂದೆ ಊರೂರು ಅಲೆದವನು, ಒಂದು ಕಡೆ ಕೂತವನೇ ಅಲ್ಲ. ಬಂಡೆಯ ಮೇಲೆ ಸಿಕ್ಕಿಕೊಂಡ ಮರಿಯನ್ನು ಇಳಿಸಲು ಹೋಗಿ ಬಿದ್ದು ಕಾಲು ಮುರಿದುಕೊಂಡ. ಸೋಮವ್ವ ಕಟ್ಟು ಹಾಕಿ, ತನ್ನ ಪಡಸಾಲೆಯಲ್ಲೇ ಹೊರಸಿನ ಮೇಲೆ ಮಲಗಿಸಿ, ಮೂಳೆ ಕೂಡುವ ತನಕ ಏಳಬೇಡ ಎಂದಳಂತೆ. ಅವನು ಹೂಂ ಎಂದನಂತೆ. ನೋವು ತುಸು ಇಳಿದದ್ದೇ ತಡ, ಹೊರಗೆ ಕುರಿಗಳ ಗಂಟೆ ಸದ್ದು ಕೇಳಿ ಕೋಲೂರಿಕೊಂಡು ಹೊರಟೇಬಿಟ್ಟ. ಬಾಗಿಲು ದಾಟುವಷ್ಟರಲ್ಲಿ ಬಿದ್ದ. ಕೂಡಿಸಿದ ಮೂಳೆ ಮತ್ತೆ ಸರಿಯಿತು.

ಸೋಮವ್ವ ಮತ್ತೆ ಕಟ್ಟಿದಳು. ಇನ್ನೊಮ್ಮೆ ಸರಿದರೆ ಕಾಲು ಸೊಟ್ಟಗಾಗುತ್ತದೆ, ಆಮೇಲೆ ಕುರಿಗಳ ಹಿಂದೆ ನಡೆಯುವ ಆಸೆ ಬಿಡು ಎಂದಳಂತೆ. ಅವನ ಹೆಂಡತಿ ಮಾಯವ್ವ ಅಳುತ್ತ ಆಣೆ ಮಾಡಿಸಿಕೊಂಡಳಂತೆ. ಮಾಳಪ್ಪ ಮೇಲಿನ ತೊಲೆಯನ್ನೇ ನೋಡುತ್ತಿದ್ದ.

"ನೋವು ತಡ್ಕೋತೀನಿ ಯವ್ವಾ, ಹೊತ್ತು ಹೋಗವಲ್ದು" ಎಂದನಂತೆ.

ಎಲ್ಲ ನೋವಿಗೂ ಸೋಮವ್ವನ ಬಳಿ ಸೊಪ್ಪಿತ್ತು. ಬೇಸರಕ್ಕೆ ಯಾವ ಸೊಪ್ಪು ಅರೆಯುವುದು? ತಲೆ ಕೆಟ್ಟು ಅಂಗಳದಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಒಳಗೆ ಹೊರಸು ಕಿರುಗುಟ್ಟುತ್ತಲೇ ಇತ್ತು. ಅವಳಿಗೆ ರೇಗಿಹೋಯಿತು. ಕೈಯಲ್ಲಿದ್ದ ಬೀಜಗಳನ್ನೆಲ್ಲ ಅವನ ಮಡಿಲಿಗೆ ಸುರಿದು, ಒಂದು ಒರಟು ಕಲ್ಲು ಕೊಟ್ಟು, ಒಂದು ಮಗ್ಗುಲು ಬೆಳ್ಳಗಾಗುವಂತೆ ಉಜ್ಜು ಎಂದಳಂತೆ. ಇದು ಮಕ್ಕಳ ಕೆಲಸ ಎಂದು ಅವನು ನಕ್ಕನಂತೆ. ಆದರೂ ಉಜ್ಜಿದ. ಹುಣಸೆಬೀಜ ಗೊತ್ತಲ್ಲ, ಸುಲಭಕ್ಕೆ ಬಗ್ಗುವುದಿಲ್ಲ. ಮೊದಲನೆಯದು ಓರೆಯಾಯಿತು, ಇನ್ನೊಂದು ಸೀಳಿತು. ಹಠಕ್ಕೆ ಬಿದ್ದ. ನಾಲ್ಕು ಬೀಜ ಸರಿಯಾಗುವ ಹೊತ್ತಿಗೆ ಸಂಜೆಯಾಗಿತ್ತು, ಹೊತ್ತು ಹೋದದ್ದೇ ಅವನಿಗೆ ಗೊತ್ತಾಗಲಿಲ್ಲವಂತೆ.

ಮರುದಿನ ಸೋಮವ್ವ ಹಲಗೆಯ ಮೇಲೆ ಇದ್ದಿಲಿನಿಂದ ಚೌಕಾಬಾರದ ಮನೆ ಬರೆದು ಹೊರಸಿನ ಮೇಲಿಟ್ಟಳು. ನಾಲ್ಕು ಬೀಜ ಎಸೆಯುವುದು, ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ ಕಾಯಿ ನಡೆಸುವುದು. ಗಂಡ ಹೆಂಡತಿ ಆಡಿದರು. ಮಾಯವ್ವ ಗೆದ್ದಳಂತೆ. ಮತ್ತೆ ಆಡಿದರು, ಮತ್ತೆ ಅವಳೇ ಗೆದ್ದಳಂತೆ. ಮಾಳಪ್ಪ ಬಿಟ್ಟಾನೆಯೇ?

ಹೀಗಿರುವಾಗ ಒಂದು ದಿನ ಅವನದೇ ಕುರಿಹಿಂಡು ಗಂಟೆ ಸದ್ದು ಮಾಡುತ್ತ ಮನೆ ಮುಂದೆ ಹಾದುಹೋಯಿತು. ಮತ್ತೆ ಎದ್ದು ಹೊರಟಾನೆಂದು ಸೋಮವ್ವ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಓಡಿ ಬಂದು ಬಾಗಿಲಿಗೆ ಅಡ್ಡ ನಿಂತಳು. ಮಾಳಪ್ಪ ತಲೆ ಕೂಡ ಎತ್ತಲಿಲ್ಲ.

"ಏ, ಕಾಯಿ ಮುಟ್ಟಬ್ಯಾಡ. ಈಗ ಆಟ ನಂದೈತಿ" ಎಂದು ಹೆಂಡತಿಗೆ ಗದರುತ್ತಿದ್ದನಂತೆ.

ಸೋಮವ್ವ ಹಿತ್ತಲಿಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು, ಸದ್ಯ ಬದುಕಿದೆ ಎಂದು ಅತ್ತಳಂತೆ, ಆಮೇಲೆ ನಕ್ಕಳಂತೆ.

ಕಾಲು ನೆಟ್ಟಗೆ ಕೂಡಿತು. ಮಾಳಪ್ಪ ಬೀಜಗಳನ್ನು ಹೊರಸಿನ ಮೇಲೆ ಬಿಟ್ಟು ಕುರಿಗಳ ಹಿಂದೆ ಹೋದ.

ಇವತ್ತಿಗೂ ನಮ್ಮೂರಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, ನೋಡಲು ಹೋಗುವವರು ಹಣ್ಣು ಒಯ್ಯುವುದಿಲ್ಲ, ಒಂದು ಹಿಡಿ ಹುಣಸೆಬೀಜ ಒಯ್ಯುತ್ತಾರೆ. ಸೋಮವ್ವನ ಔಷಧ ಅನ್ನುತ್ತಾರೆ. ಹೋದ ವರ್ಷ ಸೊಂಟ ಉಳುಕಿ ಮಲಗಿದಾಗ ನನಗೂ ಬಂದಿತ್ತು. ಈ ವಯಸ್ಸಿಗೆ ಇದೇನು ಎಂದು ಮೊದಲು ಸಿಟ್ಟೇ ಬಂತು. ಇನ್ನು ಎದ್ದು ಓಡಾಡಬಹುದು ಎಂದು ಡಾಕ್ಟರು ಅಂದ ದಿನ ಕೈಯಲ್ಲೊಂದು ಬೀಜ ಅರ್ಧ ಉಜ್ಜಿದ್ದು ಇತ್ತು. ಅದನ್ನು ಮುಗಿಸಿಯೇ ಎದ್ದೆ.