ಅಕ್ಕ ಬಿಚ್ಚಿದ ಹೊಲಿಗೆ

ಶಾವಂತ್ರವ್ವನಿಗೆ ಮೊದಲಿನಿಂದಲೂ ಅಂಜಿಕೆ ಜಾಸ್ತಿ. ಹಾಲು ಒಲೆಯ ಮೇಲಿದ್ದರೆ ಉಕ್ಕೀತೆಂದು ಅಂಜುವಳು, ಇಳಿಸಿಟ್ಟರೆ ಬೆಕ್ಕು ಕುಡಿದೀತೆಂದು ಅಂಜುವಳು. ಇಂಥವಳ ತಂಗಿಗೆ ಮನಸ್ಸಿನ ಕಾಯಿಲೆ ಬಂತು. ಹೆದರಿದವರ ಮೇಲೆ ಕಪ್ಪೆ ಎಸೆದಂತಾಯಿತು.

ತಂಗಿ ನೀಲಗಂಗಾಗೆ ಯಾರೂ ಆಡದ ಮಾತು ಕೇಳಿಸುತ್ತಿತ್ತು, ಇಲ್ಲದ್ದು ಕಾಣಿಸುತ್ತಿತ್ತು. ಊರವರು ತಾಯಿತ ಕಟ್ಟಿಸು ಅಂದರು. ಶಾವಂತ್ರವ್ವ ಕೇಳದೆ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಆ ಒಂದು ಕೆಲಸದಲ್ಲಿ ಮಾತ್ರ ಅವಳು ಅಂಜಲಿಲ್ಲ, ಅದನ್ನು ಹೇಳಲೇಬೇಕು. ಮಾತ್ರೆಗಳಿಂದ ದನಿಗಳು ಅಡಗಿದವು, ಆದರೆ ಕೈ ಸ್ವಲ್ಪ ನಡುಗತೊಡಗಿತು.

ಆ ಆಸ್ಪತ್ರೆಯಲ್ಲಿ ಕಸುಬಿನ ಕೋಣೆ ಅಂತ ಒಂದಿತ್ತು. ಗುಣವಾಗುತ್ತಿರುವವರು ಅಲ್ಲಿ ಅಡುಗೆ, ಕೈತೋಟ, ಹೊಲಿಗೆ ಮಾಡುತ್ತ ಮತ್ತೆ ತಮ್ಮ ಕಾಲ ಮೇಲೆ ನಿಲ್ಲುವುದನ್ನು ಕಲಿಯುತ್ತಿದ್ದರು. ನೀಲಗಂಗಾ ಕೌದಿ ಹೊಲಿಯುವುದನ್ನು ಆರಿಸಿಕೊಂಡಳು. ಹಳೆಯ ಸೀರೆ, ಧೋತರದ ತುಂಡುಗಳನ್ನು ಒಂದರ ಮೇಲೊಂದು ಹಾಸಿ, ಸಾಲುಸಾಲಾಗಿ ಹೊಲಿದರೆ ಕೌದಿ. ಮನೆಗೆ ಕಳಿಸುವ ದಿನ, ಆ ಕೋಣೆಯನ್ನು ನೋಡಿಕೊಳ್ಳುವ ಶಾಹೀನ್ ಮೇಡಂ ಅಕ್ಕನಿಗೆ ಒಂದೇ ಮಾತು ಹೇಳಿದರು: "ಇವರ ಕೆಲಸ ಇವರ ಮಾಡ್ಲಿ. ತಪ್ಪಿದರ ತಪ್ಪಲಿ. ನೀವು ಕೈ ಹಾಕಬ್ಯಾಡ್ರಿ."

ಶಾವಂತ್ರವ್ವ ಹೂಂ ಅಂದಳು. ಹೂಂ ಅನ್ನುವುದಕ್ಕೆ ಏನು ಕಷ್ಟ?

ಓಣಿಯ ಕಾಶವ್ವನ ಮಗಳು ಬಾಣಂತನಕ್ಕೆ ಬಂದಿದ್ದಳು. ಮೊಮ್ಮಗಳ ತೊಟ್ಟಿಲಿಗೆ ಒಂದು ಕೌದಿ ಬೇಕೆಂದು ಕಾಶವ್ವ ನೀಲಗಂಗಾಗೆ ಹೇಳಿದಳು. ನೀಲಗಂಗಾಳ ಮುಖ ಅರಳಿತು. ಅಕ್ಕನ ಎದೆಯಲ್ಲಿ ಮಾತ್ರ ಅವಲಕ್ಕಿ ಕುಟ್ಟಿದ ಹಾಗಾಯಿತು. ಕಾಶವ್ವನ ಬಾಯಿ ಊರಿಗೇ ಗೊತ್ತು. ನಡುಗುವ ಕೈಯ ಹೊಲಿಗೆ ಡೊಂಕಾದರೆ ಸುಮ್ಮನೆ ಬಿಟ್ಟಾಳೆಯೇ? ಅವಳು ಆಡಿಕೊಂಡು ನಕ್ಕು, ಅದರಿಂದ ತಂಗಿಗೆ ಕಾಯಿಲೆ ಮರುಕಳಿಸಿದರೆ?

ನೀಲಗಂಗಾ ಬೆಳಿಗ್ಗೆಯೆಲ್ಲ ಹೊಲಿಯುತ್ತಿದ್ದಳು. ಊಟ ಮಾಡಿ ಮಾತ್ರೆ ನುಂಗಿದರೆ ಕಣ್ಣು ಎಳೆಯುತ್ತಿತ್ತು, ಮಲಗುತ್ತಿದ್ದಳು. ಆಗ ಶಾವಂತ್ರವ್ವ ಮೆಲ್ಲಗೆ ಕೌದಿ ಎಳೆದುಕೊಂಡು, ಡೊಂಕು ಸಾಲನ್ನು ಬಿಚ್ಚಿ, ತಾನೇ ನೆಟ್ಟಗೆ ಹೊಲಿದು, ಮೊದಲಿನಂತೆ ಮಡಚಿಡುತ್ತಿದ್ದಳು. ತಂಗಿಗೊಂದು ಉಪಕಾರ ಮಾಡಿದೆ ಎಂದುಕೊಳ್ಳುತ್ತಿದ್ದಳು.

ಒಂದು ಸಂಜೆ ನೀಲಗಂಗಾ ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದಳು. "ಅಕ್ಕಾ, ಈ ಹಸಿರು ತುಂಡಿನ ಮ್ಯಾಲೆ ನಾ ಗಂಟು ಹಾಕಿದ್ದೆ. ಗಂಟ ಇಲ್ಲ. ಹೊಲಿಗಿ ನೆಟ್ಟಗೈತಿ. ಇದನ್ನ ನಾನ ಹೊಲದೆನೇನು?"

ಶಾವಂತ್ರವ್ವ ಒಲೆಯ ಕಡೆ ತಿರುಗಿದಳು. "ಹೂಂ, ಮತ್ಯಾರು ಹೊಲಿತಾರ? ನೀನ ಹೊಲದಿ. ನಿನಗ ನೆಪ್ಪಿಲ್ಲ ಅಷ್ಟ."

ಮರುದಿನ ನೀಲಗಂಗಾ ಸೂಜಿ ಮುಟ್ಟಲಿಲ್ಲ. ತಟ್ಟೆಯ ರೊಟ್ಟಿ ತಟ್ಟೆಯಲ್ಲೇ ಉಳಿಯಿತು. ಗೋಡೆಗೆ ಒರಗಿ ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತ ಕೂತಳು. ಸಂಜೆಗೆ ಅವಳೇ ಬಾಯಿ ಬಿಟ್ಟಳು. "ಅಕ್ಕಾ, ನನ್ನ ದವಾಖಾನಿಗೆ ಕರಕೊಂಡು ಹೋಗು. ನಾ ಹೊಲಿಯೂದು ಒಂದು, ಕಣ್ಣಿಗೆ ಕಾಣೂದು ಒಂದು. ನನಗ ಮತ್ತ ಹಂಗ ಆಗಾಕತ್ತೈತಿ."

ಬಸ್ಸಿನಲ್ಲಿ ಶಾವಂತ್ರವ್ವ ಟಿಕೆಟ್ಟನ್ನು ಮಡಚುತ್ತ ಬಿಚ್ಚುತ್ತ ಕೂತಳು. ಈಗ ಹೇಳಲೇ, ಇಳಿದ ಮೇಲೆ ಹೇಳಲೇ ಎನ್ನುತ್ತಲೇ ಆಸ್ಪತ್ರೆ ಬಂತು. ಡಾಕ್ಟರು ನೀಲಗಂಗಾ ಹೇಳಿದ್ದನ್ನೆಲ್ಲ ಕೇಳಿದರು. ಶಾಹೀನ್ ಮೇಡಂ ಪಕ್ಕದಲ್ಲೇ ಇದ್ದರು.

"ಕಾಯಿಲೆ ಮತ್ತ ತಲಿ ಎತ್ತೇತಿ ಅಂತ ಕಾಣತೈತಿ. ಮಾತ್ರೆ ಹೆಚ್ಚು ಮಾಡೋಣು," ಎಂದು ಡಾಕ್ಟರು ಪೆನ್ನು ತೆಗೆದರು.

ಸುಮ್ಮನಿದ್ದರೆ ಯಾರಿಗೂ ತಿಳಿಯದು. ಮಾತ್ರೆ ಒಂದಿಷ್ಟು ಹೆಚ್ಚಾದರೆ ಏನು ಮಹಾ ಎಂದೂ ಶಾವಂತ್ರವ್ವನಿಗೆ ಅನ್ನಿಸಿತು. ಹೇಳಿಬಿಟ್ಟರೆ ತಂಗಿ ಇನ್ನು ಜನ್ಮದಲ್ಲಿ ತನ್ನನ್ನು ನಂಬಲಾರಳು. ಅವಳು ತಂಗಿಯ ಕಡೆ ನೋಡಿದಳು. ನೀಲಗಂಗಾ ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿ ಕೂತಿದ್ದಳು.

"ಸಾಹೇಬ್ರ, ತಡೀರಿ. ಹೊಲಿಗಿ ಬಿಚ್ಚಿದಾಕಿ ನಾನು. ಆಕಿ ಮಲಗಿದಾಗ ಬಿಚ್ಚಿ, ನಾನ ಹೊಲದು ಇಟ್ಟೆ. ಕೇಳಿದಾಗ ಸುಳ್ಳ ಹೇಳಿದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ನೀಲಗಂಗಾ ತಲೆ ಎತ್ತಿದಳು.

"ಅಂದ್ರ ನನ್ನ ಕಣ್ಣು ಖರೇನ ಕಂಡಿದ್ದುವು?"

"ಖರೇನ ಕಂಡಿದ್ದುವು, ತಂಗಿ."

ನೀಲಗಂಗಾ ಅತ್ತಳು. ಆಮೇಲೆ ಅವಳಿಗೆ ಸಿಟ್ಟು ಬಂತು. ಬರಬೇಕಾದದ್ದೇ. "ಡೊಂಕ ಹೊಲಿಗಿ ನೋಡಿ ನಾಕು ಮಂದಿ ನಕ್ಕಿದ್ರ ನಾ ತಡಕೋತಿದ್ದೆ ಅಕ್ಕಾ. ನನ್ನ ತಲಿನ ನಾ ನಂಬದಂಗ ಮಾಡಿದಿಯಲ್ಲ."

ಡಾಕ್ಟರು ಮಾತ್ರೆ ಹೆಚ್ಚಿಸಲಿಲ್ಲ. ಶಾಹೀನ್ ಮೇಡಂ ಮಾತ್ರ ಹೊರಗೆ ಬಂದು ಅಕ್ಕನಿಗೆ ಹೇಳಿದರು. "ಕೌದಿ ಚಂದ ಆಗ್ಲಿ ಅಂತ ನಾವು ಕಲಸಂಗಿಲ್ರಿ. ತಮ್ಮ ಕೈಮ್ಯಾಲೆ ತಮಗ ನಂಬಿಕಿ ಬರ್ಲಿ ಅಂತ ಕಲಸತೀವಿ."

ಮನೆಗೆ ಬಂದವಳೇ ನೀಲಗಂಗಾ ಕತ್ತರಿ ತೆಗೆದುಕೊಂಡು ಅಕ್ಕನ ನೆಟ್ಟನೆಯ ಸಾಲುಗಳನ್ನೆಲ್ಲ ಕತ್ತರಿಸಿ ಹಾಕಿದಳು. ಮತ್ತೆ ಮೊದಲಿನಿಂದ ಹೊಲಿದಳು. ಸಾಲುಗಳು ಮತ್ತೆ ಡೊಂಕಾದವು. ಶಾವಂತ್ರವ್ವ ಕಣ್ಣೆದುರಿಗೇ ಕೂತು ಬೇಳೆ ಆರಿಸಿದಳು. ಆರಿಸಿದ್ದನ್ನೇ ಮತ್ತೆ ಆರಿಸಿದಳು. ಕೈ ಕಟ್ಟಿಕೊಂಡಿರುವುದು ಇಷ್ಟು ಕಷ್ಟದ ಕೆಲಸವೆಂದು ಅವಳಿಗೆ ಗೊತ್ತಿರಲಿಲ್ಲ.

ಕೌದಿ ಮುಗಿದ ದಿನ ಇಬ್ಬರೂ ಕಾಶವ್ವನ ಮನೆಗೆ ಹೋದರು. ಕಾಶವ್ವ ಕೌದಿಯನ್ನು ಹೊಸಿಲ ಮೇಲೆಯೇ ಬಿಡಿಸಿ ನೋಡಿದಳು. ಆಮೇಲೆ ನೀಲಗಂಗಾಳನ್ನು ಬಿಟ್ಟು ಅಕ್ಕನ ಕಡೆ ತಿರುಗಿದಳು. "ಹೊಲಿಗಿ ಡೊಂಕ ಅದಾವಲ್ಲ ಶಾವಂತ್ರಿ, ಯಾಕ?"

ಶಾವಂತ್ರವ್ವನ ನಾಲಿಗೆಯ ತುದಿಗೆ ಹತ್ತು ನೆಪಗಳು ಬಂದವು. ಅವಳು ಎಲ್ಲವನ್ನೂ ನುಂಗಿಕೊಂಡಳು.

"ನನಗೇನ ಕೇಳತೀರಿ ಅತ್ತಿ, ಹೊಲದಾಕಿನ್ನ ಕೇಳ್ರಿ."

ಕಾಶವ್ವ ಮೊದಲ ಸಲ ನೀಲಗಂಗಾಳ ಮುಖ ನೋಡಿದಳು.

"ಮಾತ್ರೆ ನುಂಗತೀನಿ, ಅತ್ತಿ. ಕೈ ನಡಗತಾವು, ಅದಕ್ಕ ಡೊಂಕ ಆಗ್ಯಾವು," ಎಂದಳು ನೀಲಗಂಗಾ. "ಆದ್ರ ಬಿಚ್ಚಂಗಿಲ್ಲ. ಜಗ್ಗಿ ನೋಡ್ರಿ."

ಕಾಶವ್ವ ಎರಡೂ ಕೈಯಿಂದ ಜಗ್ಗಿ ನೋಡಿದಳು. ಒಂದು ಹೊಲಿಗೆಯೂ ಬಿಡಲಿಲ್ಲ.

"ಗಟ್ಟಿ ಅದಾವ. ಬಾ ಒಳಗ, ತೊಟ್ಟಿಲದಾಗ ನೀನ ಹಾಸು."

ನೀಲಗಂಗಾ ಒಳಗೆ ಹೋದಳು. ಶಾವಂತ್ರವ್ವನ ಅಂಜಿಕೆ ಇನ್ನೂ ಹೋಗಿರಲಿಲ್ಲ. ಆದರೂ ಅವಳು ಹಿಂದೆ ಹೋಗಲಿಲ್ಲ, ಹೊರಗೆ ಕಟ್ಟೆಯ ಮೇಲೆ ಕೂತಳು.

ನೀತಿ: ಮನಸ್ಸಿನ ಕಾಯಿಲೆಯಿಂದ ಚೇತರಿಸಿಕೊಳ್ಳುವವರ ಕೆಲಸವನ್ನು ಕದ್ದು ತಿದ್ದಿದರೆ, ಅವರು ತಮ್ಮ ಮೇಲೆ ಇಟ್ಟ ನಂಬಿಕೆಯನ್ನೇ ಕದ್ದಂತೆ. ಡೊಂಕಾದರೂ ಅವರ ಕೆಲಸ ಅವರೇ ಮಾಡಲಿ. ನಮ್ಮ ಅಂಜಿಕೆಯನ್ನು ನಾವು ನುಂಗಿಕೊಂಡು ಪಕ್ಕದಲ್ಲಿರುವುದೇ ನಿಜವಾದ ಆಸರೆ.