ಕೆಂಚನಮಟ್ಟಿಯ ಚಳಿಗೋಡೆ

ಕೆಂಚನಮಟ್ಟಿಯ ಊರ ಹೊರಗೆ, ಕೆರೆಯ ದಂಡೆಯ ಮೇಲೆ, ಎರಡಾಳು ಎತ್ತರದ ಕಲ್ಲಿನ ಗೋಡೆಯೊಂದು ಒಂಟಿಯಾಗಿ ನಿಂತಿದೆ. ಒಂದು ಬೇವಿನ ಮರ ಬಿಟ್ಟರೆ ಅದರ ಹಿಂದೆ ಮುಂದೆ ಏನೂ ಇಲ್ಲ. ಸುತ್ತ ಇದ್ದ ಊರೊಡೆಯನ ವಾಡೆ ಬಿದ್ದುಹೋಗಿ, ಅದರ ಕಲ್ಲುಗಳೆಲ್ಲ ಊರವರ ಹಿತ್ತಿಲು, ಕೊಟ್ಟಿಗೆಗಳನ್ನು ಸೇರಿವೆ; ಈ ಗೋಡೆಯ ಒಂದು ಕಲ್ಲನ್ನು ಮಾತ್ರ ಯಾರೂ ಒಯ್ದಿಲ್ಲ. ಇದರ ಹೆಸರು ಚಳಿಗೋಡೆ. ಈಚೆಗೆ ಪಟ್ಟಣದ ಕಲಾರಸಿಕರು ಕೆಲವರು ವರ್ಷಕ್ಕೊಮ್ಮೆ ಬಂದು, ಹಳೆಯ ಹೊಸ ಕೌದಿ ಹೊದಿಕೆಗಳನ್ನು ಇದರ ಮೇಲೆ ತೂಗುಹಾಕಿ, ‘ಮುಟ್ಟಬಾರದು’ ಎಂಬ ಫಲಕವಿಟ್ಟು ಪ್ರದರ್ಶನ ನಡೆಸುತ್ತಾರೆ. ಹೆಸರು ಕೇಳಿದ ಮೇಲೂ ಇದೇ ಗೋಡೆಗೆ ಕೌದಿ ಹಾಕುವ ಈ ಜಾಣರಿಗೆ ಕಥೆ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಆದರೂ ಹಿರಿಯರಿಂದ ಕೇಳಿದ್ದನ್ನು ಬರೆದಿಡುತ್ತೇನೆ.

ಹಿಂದೆ ಒಮ್ಮೆ ಇಲ್ಲಿ ಸರ್ಜಪ್ಪ ದೇಸಾಯಿ ಎಂಬವನು ಆಳುತ್ತಿದ್ದ. ಆಳುತ್ತಿದ್ದ ಎನ್ನುವುದೂ ದೊಡ್ಡ ಮಾತೇ. ಆರು ಹಳ್ಳಿ, ಒಂದು ಮುದಿ ಕುದುರೆ ಮತ್ತು ಒಂದು ಮೀಸೆ, ಇಷ್ಟೇ ಅವನ ಸಂಸ್ಥಾನ. ನೆರೆಯೂರ ಇನಾಮದಾರನ ಪಡಸಾಲೆಯ ಗೋಡೆಗೆ ಮಖಮಲ್ಲಿನ ಪರದೆ ಬಂದಿದೆಯೆಂದು ಕೇಳಿದಂದಿನಿಂದ ಅವನಿಗೆ ಉಂಡದ್ದು ಮೈಗೆ ಹತ್ತಲಿಲ್ಲವಂತೆ. ಅದೇ ಚಳಿಗಾಲದಲ್ಲಿ ಊರಿನ ಸಂಕವ್ವ ಎಂಬ ಮುದುಕಿ ಒಂದು ಕೌದಿ ಹೊಲಿದು ಮುಗಿಸಿದ್ದಳು. ಮಗಳು ನೀಲವ್ವ ತುಂಬು ಬಸುರಿ. ಹುಟ್ಟುವ ಕೂಸಿಗೆಂದು ಸಂಕವ್ವ ತನ್ನ ತಾಯಿ, ಅಜ್ಜಿಯರು ಉಟ್ಟು ಸವೆಸಿದ ಸೀರೆಗಳನ್ನೆಲ್ಲ ಹರಿದು, ಪದರದ ಮೇಲೆ ಪದರ ಹಾಸಿ ಹೊಲಿದಿದ್ದಳು. ನಮ್ಮ ಕಡೆಯ ಹೆಂಗಸರು ಅಂಚಿನಿಂದ ನಡುವಿಗೆ ಹೊಲಿಯುತ್ತ ಬಂದು, ಕೊನೆಯ ಹೊಲಿಗೆಗೆ ಮುನ್ನ ನಡುವೆ ಒಂದು ಚೂರು ರೊಟ್ಟಿ ಇಡುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಎಂದು ಇದಕ್ಕೆ ಹೆಸರು. ಯಾರಿಗಾಗಿ ಹೊಲಿದದ್ದೋ ಅವರು ಹೊದ್ದೆದ್ದ ಮರುದಿನ ಆ ಹೊಲಿಗೆ ಬಿಚ್ಚಿ, ರೊಟ್ಟಿಯನ್ನು ಆಕಳಿಗೆ ತಿನ್ನಿಸಿ, ಮತ್ತೆ ಹೊಲಿಯಬೇಕು.

ಆ ಕೌದಿ ಬಿಸಿಲಿಗೆ ಹರವಿದ್ದಾಗ ದೇಸಾಯಿಯ ಕಣ್ಣಿಗೆ ಬಿತ್ತು. ಆಳುಗಳು ಅದನ್ನು ಎತ್ತಿಕೊಂಡು ಹೊರಟರು. ಸಂಕವ್ವ ಹಿಂದಿನಿಂದ ಓಡಿಬಂದಳು.

“ಧಣ್ಯಾರ, ಕೂಸಿಗೆ ಹೊಚ್ಚಾಕ ಹೊಲದೇನ್ರಿ. ಮನ್ಯಾಗಿದ್ದ ಹಳೇ ಸೀರಿ ಎಲ್ಲಾ ಇದಕ್ಕ ಹಾಕೇನ್ರಿ.”

“ಇಂಥಾ ಬಣ್ಣದ್ದು ಉಚ್ಚಿ ಹೊಯ್ಯೂ ಕೂಸಿಗ್ಯಾಕ ಬೇಕು? ನನ್ನ ಗ್ವಾಡಿಗೆ ಒಪ್ಪತೈತಿ.”

“ಗ್ವಾಡಿಗೆ ಚಳಿ ಆಗೇತೇನ್ರಿ?” ಎಂದಳು ಸಂಕವ್ವ. ದೇಸಾಯಿ ಅದನ್ನು ತಮಾಷೆ ಎಂದುಕೊಂಡು ನಕ್ಕ. ತಲೆಯೊಳಗೆ ಮಣ್ಣು ತುಂಬಿದವನಿಗೆ ಬೇರೇನು ತೋಚೀತು?

ಮೂರನೆಯ ದಿನ ನೀಲವ್ವ ಹೆಣ್ಣು ಹೆತ್ತಳು. ಪುಷ್ಯದ ಕೊರೆವ ಚಳಿ. ಸಂಕವ್ವ ಉಟ್ಟ ಸೀರೆಯಲ್ಲೇ ಅರ್ಧ ಹರಿದು ಕೂಸಿಗೆ ಸುತ್ತಿದಳು. ಆಮೇಲೆ ದಿನಾ ಮುಂಜಾನೆ ವಾಡೆಗೆ ಬಂದು, ತೂಗಾಡುವ ಕೌದಿಯ ಕೆಳಗೆ ಕೈಯಿಟ್ಟು ಗೋಡೆಯನ್ನು ಮುಟ್ಟಿ ನೋಡುತ್ತಿದ್ದಳು. “ಇನ್ನೂ ತಣ್ಣಗ ಐತ್ರಿ. ಗ್ವಾಡಿ ಬೆಚ್ಚಗಾದ ದಿನಾ ಹೇಳ್ರಿ, ಕೂಸಿಗೆ ಒಯ್ತೀನಿ,” ಎಂದು ಹೇಳಿ ಹೋಗುತ್ತಿದ್ದಳು. ಏಳು ದಿನ ಬಂದಳು. ಏಳು ದಿನವೂ ದೇಸಾಯಿ ಮೀಸೆ ತಿರುವಿದ, ಆಳುಗಳು ಹಲ್ಲು ಕಿಸಿದರು. ಎಂಟನೆಯ ದಿನ ಅವಳು ಬರಲಿಲ್ಲ. ಏಕೆ ಬರಲಿಲ್ಲ ಎಂದು ಆ ವಾಡೆಯಲ್ಲಿ ಒಬ್ಬನೂ ಕೇಳಲಿಲ್ಲ.

ಅದೇ ವಾರ ದೇಸಾಯಿ ಇನಾಮದಾರನನ್ನು ಊಟಕ್ಕೆ ಕರೆದ. ಗೋಡೆಯ ಕಡೆ ಕೈ ತೋರಿಸಿ ಹೊಗಳಿಕೊಳ್ಳುತ್ತಿದ್ದಾಗ ಕೌದಿಯ ನಡುವಿನಿಂದ ಒಂದು ಇಲಿ ಹೊರಬಿದ್ದು ಇನಾಮದಾರನ ಎಲೆಗೇ ಜಿಗಿಯಿತು ಎನ್ನುತ್ತಾರೆ. ಹೊದೆಯದ ಕೌದಿಯ ಹೊಟ್ಟೆಯಲ್ಲಿ ರೊಟ್ಟಿ ಹಾಗೇ ಉಳಿದಿತ್ತು, ಇಲಿಗೆ ಅದರ ವಾಸನೆ ಸಿಕ್ಕಿತ್ತು. ಊರಿನ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು. ಕೇಳಿದರೆ ಮೀಸೆ ಮಣ್ಣಾಗುತ್ತದಲ್ಲ. ಇನಾಮದಾರ ಹೊಟ್ಟೆ ಹಿಡಿದುಕೊಂಡು ನಕ್ಕ. ಸಿಟ್ಟಿಗೆದ್ದ ದೇಸಾಯಿ ಕೌದಿಯನ್ನು ಕಿತ್ತು ಸಂಕವ್ವನ ಮನೆಗೆ ಕಳಿಸಿದ. ಅವಳು ಹೊಸ್ತಿಲು ದಾಟಲಿಲ್ಲ, ಕೈ ಚಾಚಲೂ ಇಲ್ಲ.

“ನಮ್ಮನ್ಯಾಗ ಈಗ ಹೊಚಗೊಳ್ಳಾವ್ರಿಲ್ಲ. ಗ್ವಾಡಿಗೇ ಹೊಚ್ರಿ,” ಎಂದಳು.

ಆಳು ಆ ಕೌದಿಯನ್ನು ವಾಪಸು ತಂದು ಅದೇ ಗೋಡೆಯ ಹೊರಬದಿಯ ಬುಡದಲ್ಲಿ ಬಿಟ್ಟು ಹೋದ. ಯಾರೂ ಎತ್ತಲಿಲ್ಲ, ಅಲ್ಲೇ ಮಳೆಗೆ ನೆಂದು ಮಣ್ಣಾಯಿತು. ದೇಸಾಯಿಯ ವಂಶ ಅಲ್ಲಿಗೇ ಅಳಿಯಿತು ಎನ್ನುವವರಿದ್ದಾರೆ. ಅದು ಸುಳ್ಳು. ಅಂಥವರ ವಂಶ ಅಷ್ಟು ಸುಲಭಕ್ಕೆ ಅಳಿಯುವುದಿಲ್ಲ. ಹೋದ ವರ್ಷದ ಪ್ರದರ್ಶನಕ್ಕೆ ದೀಪ ಹಚ್ಚಿ, ಕೌದಿಯ ಸೊಬಗಿನ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದವರು ಅದೇ ಮನೆತನದವರು.

ವೈಶಾಖದ ಬಿಸಿಲಿನಲ್ಲೂ ಈ ಗೋಡೆ ತಣ್ಣಗಿರುತ್ತದೆ. ಬೇವಿನ ನೆರಳು, ಕೆರೆಯ ತೇವ ಎಂದು ಕಾರಣ ಕೊಡುತ್ತಾರೆ, ಇದ್ದರೂ ಇರಬಹುದು. ಆದರೆ ಪ್ರದರ್ಶನ ಮುಗಿಸಿ ಜಾಣರು ಗಾಡಿ ಹತ್ತಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ನಿಂತವರಿಗೆ ಇನ್ನೊಂದು ಕಾಣುತ್ತದೆ. ಊರಿನಲ್ಲಿ ಕೂಸು ಹುಟ್ಟಿದ ಮನೆಯ ಅಜ್ಜಿ ಹೊಸ ಕೌದಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಾಳೆ. ಒಂದು ಕೈಯಿಂದ ಗೋಡೆಯನ್ನು ಮುಟ್ಟಿ, “ಇದು ನಿನಗಲ್ಲ,” ಎಂದು ಹೇಳಿ, ಹಿಂದಿರುಗಿ ನೋಡದೆ ಮನೆಗೆ ಹೋಗಿ ಕೂಸಿಗೆ ಹೊದಿಸುತ್ತಾಳೆ.