ಹೊಸ್ತಿಲು ಕಿತ್ತ ಮನೆ

ಈ ಕತೆ ನನಗೆ ಹೇಳಿದವರು ನಮ್ಮ ಮನೆಗೆ ಬಾಗಿಲು ಕೂರಿಸಲು ಬಂದಿದ್ದ ಬಡಗಿ ಮೌನೇಶಾಚಾರ್ರು. ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ.

ಹೊಸ ಮನೆ ಕಟ್ಟಿಸುತ್ತಿದ್ದ ಶಿಷ್ಯನೊಬ್ಬ ಗುರುವನ್ನು ಕೇಳಿದ: “ಗುರುಗಳೇ, ದೀಪ, ಬೀಗ, ಕಸ ಎಲ್ಲವನ್ನೂ ಇನ್ನು ಫೋನೇ ನೋಡಿಕೊಳ್ಳುತ್ತದೆ. ಗುಡಿಸುವ ಯಂತ್ರಕ್ಕೆ ಅಡ್ಡ ಬರುತ್ತವೆಂದು ಹೊಸ್ತಿಲುಗಳೇ ಬೇಡವೆಂದೆ. ಅಮ್ಮ ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ. ಇದರಲ್ಲಿ ತಪ್ಪೇನಿದೆ?”

ಗುರು ಹೇಳಿದರು:

ಒಬ್ಬ ವರ್ತಕ ಇಂಥದ್ದೇ ಯಂತ್ರ ತಂದ. ಜರಡಿಯಂತೆ ದುಂಡಗಿತ್ತು. ತಾನಾಗಿಯೇ ಓಡಾಡಿ ಗುಡಿಸುತ್ತಿತ್ತು. ಹೊಸ್ತಿಲು ಸಿಕ್ಕಲ್ಲೆಲ್ಲ ಮುಗ್ಗರಿಸಿ ನಿಂತು ಗೊಣಗುತ್ತಿತ್ತು. ವರ್ತಕ ಬಡಗಿಯನ್ನು ಕರೆಸಿ ಎಲ್ಲವನ್ನೂ ಕೀಳಲು ಹೇಳಿದ.

“ಹೆಬ್ಬಾಗಿಲಿನದಾದರೂ ಇರಲಿ ಯಜಮಾನರೇ,” ಎಂದ ಬಡಗಿ.

“ಯಾಕೆ, ಜಗಲಿಯನ್ನು ನೀನು ಬಂದು ಗುಡಿಸುತ್ತೀಯೇನು?”

ಕಿತ್ತ ಹೆಬ್ಬಾಗಿಲಿನ ಹೊಸ್ತಿಲನ್ನು ವರ್ತಕನ ಹೆಂಡತಿ ಕೈಗೆತ್ತಿಕೊಂಡಳು. ದಿನಾ ಬೆಳಿಗ್ಗೆ ಅವಳು ಅರಿಸಿನ ಕುಂಕುಮ ಹಚ್ಚುತ್ತಿದ್ದ ಮರ ಅದು. ಹಿತ್ತಿಲಲ್ಲಿ ಎತ್ತಿಟ್ಟಳು.

ವರ್ಷ ತುಂಬುವುದರೊಳಗೆ ಮಗನ ಮದುವೆಯಾಯಿತು. ಸೊಸೆಯನ್ನು ಮನೆ ತುಂಬಿಸಿಕೊಳ್ಳಬೇಕು. ಆರತಿ ತಟ್ಟೆ, ಅಕ್ಕಿ ತುಂಬಿದ ಪುಟ್ಟ ಸೇರು ಹಿಡಿದು ಬಾಗಿಲಿಗೆ ಬಂದ ಅತ್ತೆಗೆ ಸೇರನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಜಗಲಿಯಿಂದ ದೇವರ ಕೋಣೆಯವರೆಗೂ ಒಂದೇ ನೆಲ. ಅಂದಾಜಿನ ಮೇಲೆ ಇಟ್ಟಳು. ಸೊಸೆ ಬಲಗಾಲು ಎತ್ತುವಷ್ಟರಲ್ಲಿ, ಗುಡಿಸುವ ಹೊತ್ತಾಯಿತೆಂದು ಯಂತ್ರ ಒಳಗಿನಿಂದ ಬಂತು. ಸೇರನ್ನು ಉರುಳಿಸಿತು. ಸಿಕ್ಕಷ್ಟು ಅಕ್ಕಿ ನುಂಗಿ ಹೊರಟುಹೋಯಿತು.

ನೆಂಟರಲ್ಲೊಬ್ಬಾಕೆ ನಕ್ಕಳು: “ಸೇರು ಒದೆಯೋಕೆ ಸೊಸೆ ಯಾಕ್ರೀ, ನಿಮ್ಮನೇಲಿ ಪೊರಕೆನೇ ಒದೀತಲ್ಲ!”

ಹುಡುಗಿಯ ಕಣ್ಣು ತುಂಬಿತು. “ಅತ್ತೆ, ನಾನೀಗ ಒಳಗಿದ್ದೀನಾ, ಹೊರಗಿದ್ದೀನಾ?”

ಅತ್ತೆ ನೆಲ ನೋಡಿದಳು. ನೆಲ ಏನೂ ಹೇಳಲಿಲ್ಲ. ವರ್ತಕ ಯಂತ್ರ ನಿಲ್ಲಿಸುವ ಗುಂಡಿಯನ್ನು ಫೋನಿನಲ್ಲಿ ಹುಡುಕುತ್ತಿದ್ದ. ಆರತಿ ತಟ್ಟೆಯನ್ನು ಅವನ ಕೈಗೆ ಕೊಟ್ಟು ಅವಳು ಹಿತ್ತಿಲಿಗೆ ನಡೆದಳು. ಆ ಮರವನ್ನು ಸೆರಗಿನಿಂದ ಒರೆಸಿ ತಂದು ಬಾಗಿಲಿಗೆ ಅಡ್ಡ ಇಟ್ಟಳು. ಸೇರಿಗೆ ಮತ್ತೆ ಅಕ್ಕಿ ತುಂಬಿದಳು.

“ಈಗ ಹೊರಗಿದ್ದೀಯ ಕಂದ,” ಎಂದಳು. “ಇನ್ನು ಬಾ.”

ಗುರು ಕತೆ ಅಲ್ಲಿಗೆ ನಿಲ್ಲಿಸಿದರು.

“ಮತ್ತೆ ಯಂತ್ರ?” ಎಂದ ಶಿಷ್ಯ.

“ಇವತ್ತಿಗೂ ಗುಡಿಸುತ್ತಿದೆ. ಹೆಬ್ಬಾಗಿಲವರೆಗೆ ಬಂದು ಹಿಂದಿರುಗುತ್ತದೆ. ಮನೆ ಕಟ್ಟಿಸುವವರು ಸಿಕ್ಕರೆ ಈ ಕತೆ ಹೇಳು. ಅದಕ್ಕೂ ಮೊದಲು ನನಗೊಂದು ಹೇಳು: ನಾಳೆ ನಿನ್ನ ಅಮ್ಮ ಎಲ್ಲಿ ನಿಂತು ‘ಬಾ’ ಅನ್ನಬೇಕು?”